ನಮ್ಮನಿ ಮಂದಿ ಕಂಡ ಯುದ್ಧ

ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದರೆ ಯುದ್ಧ ಶುರುವಾಗುತ್ತದೆ. ಜಗಳವಲ್ಲ, ಯುದ್ಧದ ಕಥೆ. ವಾಡಿಯ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ತೊಟ್ಟಿಲ ಕಾರ್ಯಕ್ಕೆ ಬಂದವರು ಕೂಸಿನ ಹೆಸರು ಮರೆತದ್ದುಂಟು. ನಮ್ಮವರು ಯಾರು ಯಾವ ಗಂಡಾಂತರದಿಂದ ಪಾರಾದರು ಅನ್ನೋದನ್ನು ಮರೆತವರಿಲ್ಲ. ಕೇಳುವವರು ನಡುವೆ ಬಾಯಿ ಹಾಕಿದರೆ ಮಾತ್ರ ಅವರನ್ನು ದೇವರೇ ಕಾಯಬೇಕು.

ಖಿಚಡಿ

ನನ್ನ ಸೋದರಮಾವ ಶಹಾಬಾದಿನವರು. ಎಪ್ಪತ್ತೊಂದರ ಯುದ್ಧದಲ್ಲಿ ಫೌಜಿನ ಅಡಿಗೆಯವರು. ಒಮ್ಮೆ ಚಹಾದ ಹೋಟೆಲಿನಲ್ಲಿ ಒಬ್ಬ ತರುಣ ಕೇಳಿದ, "ಕಾಕಾ, ಎಷ್ಟ್ ಮಂದೀನ ಹೊಡದ್ರಿ?"

"ಒಬ್ಬರನ್ನೂ ಇಲ್ಲ."

"ಮತ್ತ ಯುದ್ಧದಾಗ ಏನ್ ಮಾಡಿದ್ರಿ?"

"ಖಿಚಡಿ."

ಅವನ ಗೆಳೆಯರೆಲ್ಲ ಹೋ ಅಂತ ನಕ್ಕರು. ಮಾವನ ಸಿಟ್ಟು ನೆತ್ತಿಗೇರಿತು. "ಲೇ, ಚಹಾ ತರೋದು ಒಂಚೂರು ತಡ ಆದ್ರ ನೀ ಹೋಟೆಲ್ ಮಾಲಕನ ಜೀವ ತಿಂತಿ. ಅಲ್ಲಿ ನಮ್ಮ ಮಂದಿ ಹಸದ ಹೊಟ್ಟೀಲೆ ಬಂದೂಕ ಹಿಡಕೊಂಡು ಕುಂತಿದ್ರು. ತಲಿ ಮ್ಯಾಲ ಗುಂಡು ಹಾರಾಕತ್ತಿದ್ದವು. ಖಿಚಡಿ ಡಬರಿ ಎಳಕೋತ, ಹೊಟ್ಟಿ ಮ್ಯಾಲ ತೆವಳಿಕೋತ ಅವರ ತನಕ ಹೋಗೀನಿ. ನಿನ್ನ ಕೈಲೆ ಆಗ್ತದೇನು?"

ಆ ತರುಣನೇ ಎದ್ದು ಮಾವನಿಗೆ ಕುರ್ಚಿ ಬಿಟ್ಟುಕೊಟ್ಟ. ಇದನ್ನೆಲ್ಲ ಮಾವ ಮನೆಗೆ ಬಂದು ಎದೆಯುಬ್ಬಿಸಿ ಹೇಳಿದರೆ, ರೊಟ್ಟಿ ಬಡಿಯುತ್ತಿದ್ದ ಅತ್ತಿ ತಲೆ ಎತ್ತದೆ ಅಂದಳು:

"ಖರೇ ಅದ. ಮುಂದ ವೈರಿ, ಹಿಂದ ಇವರು ಮಾಡಿದ ಖಿಚಡಿ. ಜವಾನರು ಮುಂದ ನುಗ್ಗದೆ ಏನ್ ಮಾಡ್ತಾರ?"

ಬಲಗಿವಿ

ತಂಗಿಯ ಗಂಡ ಕಾರ್ಗಿಲ್‌ನಿಂದ ಜೀವಂತ ಬಂದ, ಬಲಗಿವಿ ಮಾತ್ರ ಶೆಲ್ಲಿನ ಸದ್ದಿಗೆ ಹೋಗಿತ್ತು. ಚಿತ್ತಾಪುರದ ಒಂದು ಕಚೇರಿಯಲ್ಲಿ ಅವನಿಗೊಂದು ಸಹಿ ಬೇಕಿತ್ತು. ಹೋದಾಗಲೆಲ್ಲ ಗುಮಾಸ್ತರದು ಒಂದೇ ಮಾತು, "ನಾಳೆ ಬರ್ರಿ."

ಕೊನೆಗೊಂದು ದಿನ ಇವನು ಕುರ್ಚಿ ಎಳೆದುಕೊಂಡು ಬಲಗಿವಿ ಅವರ ಕಡೆಗೆ ಮಾಡಿ ಕುಳಿತ.

"ನಾಳೆ ಬರ್ರಿ."

"ಹಾಂ ರೀ, ಕುಂದ್ರತೀನಿ."

"ನಾಳೆ ರೀ, ನಾಳೆ!"

"ಚಹಾ ಬ್ಯಾಡ್ರಿ, ಈಗೇ ಕುಡದು ಬಂದೀನಿ."

ಗುಮಾಸ್ತರು ಗಂಟಲು ಹರಿಯುವಂತೆ ಕೂಗಿದರು. ಬೇರೆ ಟೇಬಲ್ಲಿನವರೆಲ್ಲ ಕೆಲಸ ಬಿಟ್ಟು ನೋಡತೊಡಗಿದರು. ಇವನು ಅಲುಗಾಡಲಿಲ್ಲ. ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಸೋತು ಸಹಿ ಹಾಕಿದ ಗುಮಾಸ್ತರು, "ತಗೋರಿ, ಆಯ್ತು" ಎಂದು ಬಾಯೊಳಗೇ ಗೊಣಗಿದರು.

ಅದು ಥಟ್ಟನೆ ಕೇಳಿಸಿತು. ಕಾಗದ ತೆಗೆದುಕೊಂಡು ಎದ್ದ.

"ಅಲ್ರೀ, ಇದು ಕೇಳ್ತು, ಅದು ಕೇಳಲಿಲ್ಲೇನು?"

"ಯುದ್ಧಕ್ಕ ಹೋದ ಕಿವಿ ರೀ ಸಾಹೇಬ್ರ, ಹಿಂದಕ್ಕ ಹೋಗು ಅಂದ್ರ ಕೇಳಂಗಿಲ್ಲ."

ಹಗೇವು

ಅವ್ವ ಹುಟ್ಟಿದ್ದು ಚಿಂಚೋಳಿ ಕಡೆಯ ಹಳ್ಳಿಯಲ್ಲಿ. ನಲವತ್ತೆಂಟರ ರಜಾಕಾರರ ಗದ್ದಲದಾಗ ಅವಳಿನ್ನೂ ಸಣ್ಣ ಹುಡುಗಿ. ಪಕ್ಕದ ಮನೆಯ ಮುಸ್ಲಿಂ ಕುಟುಂಬ ನಮ್ಮ ಅಜ್ಜನ ಮನೆಯವರನ್ನೆಲ್ಲ ತಮ್ಮ ಅಂಗಳದ ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿಯಲ್ಲಿ, ಬಚ್ಚಿಟ್ಟು ಉಳಿಸಿತು. ಮುಂದೆ ರಜಾಕಾರರನ್ನು ಅಡಗಿಸಲು ಸರ್ಕಾರದ ಫೌಜು ಬಂತು, ಗಾಳಿ ತಿರುಗಿತು. ಈಗ ಆ ಕುಟುಂಬವನ್ನು ಹುಡುಕಿಕೊಂಡು ಬೇರೆ ಗುಂಪು ಬಂತು. ಅವರನ್ನು ನಮ್ಮ ಹಗೇವಿಗೆ ಇಳಿಸಿ, ಅಜ್ಜ ಬಾಗಿಲಲ್ಲಿ ಕೊಡಲಿ ಹಿಡಿದು ಕುಳಿತ. ಆ ಮನೆಯ ಮಗಳೇ ನಮ್ಮ ಖಾಲಾ, ಅಂದರೆ ಚಿಕ್ಕವ್ವ. ಈಗ ಅವ್ವ, ಖಾಲಾ ಇಬ್ಬರದೂ ಸೇಡಂನಲ್ಲಿ ಎದುರುಬದುರು ಮನೆ.

ಈಚೆಗೆ ಸೇಡಂನಲ್ಲಿ ಆ ದಿನಗಳನ್ನು ಕಂಡವರನ್ನು ಮಾತಾಡಿಸುವ ಒಂದು ಸಮಾರಂಭ. ಸಂಘಟಕರು ಅವ್ವನಿಗೆ ಮೊದಲೇ ತಾಕೀತು ಮಾಡಿದ್ದರು: "ಹಗೇವಿನಾಗ ಇಳಿದಿದ್ದು ಹೇಳ್ರಿ, ಸಾಕು. ಯಾರು ಇಳಿಸಿದ್ರು, ಆಮ್ಯಾಲ ಏನಾತು, ಅದೆಲ್ಲ ಬ್ಯಾಡ."

ಅವ್ವ ತಲೆಯಾಡಿಸಿದಳು. ವೇದಿಕೆ ಹತ್ತುವಾಗ ಖಾಲಾಳ ಕೈ ಹಿಡಿದುಕೊಂಡೇ ಹತ್ತಿದಳು.

ಕಥೆ ಹಗೇವಿಗೆ ಇಳಿಯುವ ತನಕ ಬರುತ್ತಿದ್ದಂತೆ ಸಂಘಟಕರು ಓಡಿಬಂದು ಮೈಕಿಗೆ ಕೈ ಹಾಕಿದರು. "ಭಾಳ ಚೊಲೋ ಹೇಳಿದ್ರಿ ಅಜ್ಜಿ. ಇನ್ನ ಇಳೀರಿ."

ಅವ್ವ ಮೈಕು ಬಿಡಲಿಲ್ಲ. "ಇನ್ನೂ ಎಲ್ಲಿ ಇಳೀಲೋ ತಮ್ಮಾ? ಹಗೇವಿನಾಗೇ ಇದ್ದೀನಿ. ಮೊದಲು ಮ್ಯಾಲ ತೆಗಿ!"

ಸಭೆಯೇ ಚಪ್ಪಾಳೆ ಹೊಡೆಯಿತು. ಸಂಘಟಕರು ಹಿಂದೆ ಸರಿದರು. ಅವ್ವ ತನ್ನವರನ್ನೆಲ್ಲ ಮೇಲೆ ತಂದು, ಇಳಿಸಿದವರು ಯಾರು, ಎತ್ತಿದವರು ಯಾರು ಅಂತ ಒಬ್ಬೊಬ್ಬರ ಹೆಸರು ಹೇಳಿಯೇ ಮೈಕನ್ನು ಖಾಲಾಗೆ ಕೊಟ್ಟಳು. ಖಾಲಾ ತನ್ನ ಅಬ್ಬಾ, ಅಮ್ಮೀ, ತಮ್ಮಂದಿರ ಜೊತೆ ಎರಡನೇ ಹಗೇವಿಗಿಳಿದಳು. ಉಸಿರು ಬಿಡಲೂ ಜಾಗವಿರಲಿಲ್ಲ, ತಮ್ಮನ ಮೊಣಕಾಲು ತನ್ನ ಹೊಟ್ಟೆಗೆ, ತನ್ನ ಮೊಣಕೈ ಅಮ್ಮೀ ಮೂಗಿಗೆ ಅನ್ನುವಾಗ ಸಭೆ ನಗುತ್ತಲೇ ಕಣ್ಣೊರೆಸಿಕೊಂಡಿತು.

ಕಾರ್ಯಕ್ರಮ ತಮ್ಮ ಕೈ ತಪ್ಪಿದ್ದು ನೋಡಿ, ಹೇಗಾದರೂ ಮುಗಿಸಬೇಕೆಂದು ಸಂಘಟಕರು ಕೇಳಿದರು, "ಖಾಲಾ, ಕಡೀಕ ಈಗಿನ ಮಂದಿಗೆ ನಿಮ್ಮ ಸಂದೇಶ ಏನ್ರಿ?"

ಖಾಲಾ ಅವ್ವನ ಮುಖ ನೋಡಿದಳು, ಸಂಘಟಕರ ಮುಖ ನೋಡಿದಳು. ಮೈಕು ಬಾಯಿಗೆ ಹತ್ತಿರ ಹಿಡಿದಳು.

"ಹಗೇವು ಜರಾ ದೊಡ್ಡದು ತೋಡ್ರೆಪಾ."