ಅಪ್ಪನನ್ನು ಮೂರು ಸಲ ಕೊಂದ ಅಣ್ಣ

ನಮ್ಮ ಅಣ್ಣ ನಮ್ಮ ಅಪ್ಪನನ್ನು ಮೂರು ಸಲ ಕೊಂದಿದ್ದಾನೆ. ಹೌದು, ಒಬ್ಬನೇ ಅಪ್ಪನನ್ನು! ಮೊದಲನೇ ಸಲ ಹುಲಿಯ ಬಾಯಿಗೆ ಕೊಟ್ಟ. ಎರಡನೇ ಸಲ ಹಾಳು ಬಾವಿಗೆ ಕೆಡವಿದ. ಮೂರನೇ ಸಲವಂತೂ ಅಪ್ಪನ ಬಾಯಲ್ಲಿ ಮಿರ್ಚಿ ಭಜಿ ಇತ್ತು, ಅದನ್ನು ನುಂಗುವಷ್ಟು ಪುರುಸೊತ್ತೂ ಕೊಡಲಿಲ್ಲ. ಸತ್ತ ಅಪ್ಪ ಎದ್ದು, ಗೂಟಕ್ಕಿದ್ದ ಅಂಗಿ ಹಾಕಿಕೊಂಡು, "ಇನ್ನ ನಾ ಈ ಮನಿಯಾಗ ಸಾಯಾಂವಲ್ಲ ನೋಡು!" ಎಂದು ಹೇಳಿ ಹೊರಗೆ ನಡೆದೇಬಿಟ್ಟರು.

ಗಾಬರಿಯಾಗಬೇಡಿ. ಇದೆಲ್ಲ ಆದದ್ದು ಒಂದು ಆಟದಲ್ಲಿ.

ಅಣ್ಣ ಬಸ್ ಕಂಡಕ್ಟರ್. ಬೆಳಿಗ್ಗೆ ಗದಗಿನಿಂದ ಶಿರಹಟ್ಟಿ ಮೇಲೆ ಲಕ್ಷ್ಮೇಶ್ವರಕ್ಕೆ, ಮಧ್ಯಾಹ್ನ ಮುಂಡರಗಿಗೆ. ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ಅಪ್ಪನದು ಮಗ್ಗ. ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮನೆಯಲ್ಲಿ ಅಪ್ಪ, ಅಣ್ಣ, ತಂಗಿಯಾದ ನಾನು, ಮೂವರೇ. ಅಣ್ಣನಿಗೆ ವರ್ಷಕ್ಕೊಂದು ಹುಚ್ಚು. ಒಂದು ವರ್ಷ ಮಂಚದ ಕೆಳಗೆ ಅಣಬೆ ಬೆಳೆದ. ಮರುವರ್ಷ ಜಾದೂ ಕಲಿಯುತ್ತೇನೆಂದು ಪಕ್ಕದ ಮನೆಯ ಟೇಲರ್ ಖಾದರಸಾಬರ ಕತ್ತರಿಯನ್ನು ಮಾಯ ಮಾಡಿದ. ಮಾಯವಾದದ್ದು ಖರೆ, ತಿರುಗಿ ಬರಲೇ ಇಲ್ಲ! ಇಂಥವನ ಕೈಗೆ ಈ ಆಟ ಸಿಕ್ಕದ್ದು ಎಂಬತ್ತರ ದಶಕದ ನಡುವಿನಲ್ಲಿ.

ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪರದೇಶದ ಹಕ್ಕಿಗಳು ಬರುತ್ತವಲ್ಲ, ಅವನ್ನು ನೋಡಲು ಒಬ್ಬ ಪರದೇಶದ ಹುಡುಗನೂ ಬಂದಿದ್ದ. ಕೊರಳಲ್ಲಿ ದುರ್ಬೀನು, ಹೆಗಲಿಗೆ ಚೀಲ. ಅವನು ಹತ್ತಿದ ಅಣ್ಣನ ಬಸ್ಸು ಮಾಗಡಿ ದಾಟುತ್ತಿದ್ದಂತೆ ಪಂಕ್ಚರ್ ಆಯಿತು. ಸ್ಟೆಪ್ನಿ ಇಳಿಸಿ ನೋಡಿದರೆ ಅದೂ ಪಂಕ್ಚರ್! ಎಲ್ಲರೂ ಬೇವಿನ ಮರದ ಕೆಳಗೆ ಕುಳಿತಾಗ ಆ ಹುಡುಗ ಚೀಲದಿಂದ ಇಪ್ಪತ್ತು ಮುಖದ ಒಂದು ದಾಳ ತೆಗೆದು, ತನ್ನ ದೇಶದಲ್ಲಿ ಗೆಳೆಯರೆಲ್ಲ ಕೂಡಿ ಆಡುವ ಆಟವೊಂದನ್ನು ಅಣ್ಣನಿಗೆ ವಿವರಿಸಿದನಂತೆ. ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ಅಣ್ಣನಿಗೆ ಬರುತ್ತಿದ್ದ ಇಂಗ್ಲಿಷು "ಲೇಡೀಸ್ ಸೀಟ್ ಲೇಡೀಸ್ ಓನ್ಲಿ". ಹೀಗಾಗಿ ಆಟ ಅರ್ಧ ತಿಳಿಯಿತು, ಉಳಿದರ್ಧ ಅಣ್ಣನೇ ಹುಟ್ಟಿಸಿದ. ಇಳಿಯುವಾಗ ಆ ಹುಡುಗ ದಾಳವನ್ನು ಇವನ ಕೈಗೇ ಕೊಟ್ಟುಹೋದ. ಪುಣ್ಯಾತ್ಮ, ನಮ್ಮ ಮನೆಯ ಗತಿ ಏನಾದೀತೆಂದು ಒಂದಿಷ್ಟಾದರೂ ವಿಚಾರ ಮಾಡಬೇಡವೇ?

"ಕೇಳ್ರಿಲ್ಲೆ," ಎಂದು ಅಣ್ಣ ನಮ್ಮನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ ಹೇಳಿದ. "ಒಬ್ಬಾಂವ ಕತಿ ಹೇಳ್ತಾನ. ಅಂವ ನಾನು. ಉಳಿದವ್ರು ಕತಿ ಕೇಳೂದಲ್ಲ, ಕತಿ ಒಳಗ ಇರ್ತಾರ. ಹುಲಿ ಬಂತು ಅಂತ ತಿಳೀರಿ. ಓಡ್ತೀರೋ, ಹೊಡೀತೀರೋ, ನಿಮ್ಮ ಮರ್ಜಿ. ಪಾರಾದ್ರೋ ಇಲ್ಲೋ ಅನ್ನೂದು ದಾಳ ಹೇಳ್ತೈತಿ. ದೊಡ್ಡ ಅಂಕಿ ಬಿದ್ರ ಪಾರು. ಸಣ್ಣದು ಬಿದ್ರ ಖಲಾಸ್!"

ಕತೆಯೊಳಗೆ ಹೋಗಲು ಸಿಕ್ಕವರು ನಾಲ್ಕು ಜನ. ಅಪ್ಪ, ಖಾದರಸಾಬರು, ಅಣ್ಣನ ಬಸ್ಸಿನ ಡ್ರೈವರ್ ಬಸಪ್ಪಣ್ಣ ಮತ್ತು ನಾನು. ಅಣ್ಣನ ವಾರದ ರಜೆಯ ದಿನ ಮಧ್ಯಾಹ್ನ ಆಟ ಶುರುವಾಯಿತು.

ಶುರುವೇನೋ ಆಯಿತು. ಆದರೆ ಅಣ್ಣ ಕೋಟೆಯ ವರ್ಣನೆಗೆ ನಿಂತುಬಿಟ್ಟ. ಕೋಟೆಗೆ ಇಂಥಿಂಥ ಬಾಗಿಲು, ಬಾಗಿಲಿಗೆ ಇಂಥಿಂಥ ಮೊಳೆ, ಮೊಳೆಗೆ ಇಂಥಿಂಥ ತುಕ್ಕು! ಕೋಟೆಯ ಮೊದಲ ಬಾಗಿಲು ದಾಟುವುದರೊಳಗೆ ಖಾದರಸಾಬರು ಗೋಡೆಗೆ ಒರಗಿ ಮಲಗಿದ್ದರು. ಬಸಪ್ಪಣ್ಣ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದ. ಡ್ರೈವರನಿಗೆ ಆ ವಿದ್ಯೆ ಗೊತ್ತಿದೆ ಎಂದು ತಿಳಿದ ಮೇಲೆ ನಾನು ಅವನ ಬಸ್ಸು ಹತ್ತಲು ಹೆದರುತ್ತಿದ್ದೆ. ಎಚ್ಚರಿದ್ದವರು ಅಪ್ಪ ಒಬ್ಬರೇ. ಬೇಸತ್ತು ಅವರು, "ಅಲ್ಲೇನೋ ಹುಲಿ ಐತಿ ಅಂದಿದ್ದ್ಯಲ್ಲ, ಅದನ್ನರ ನೋಡ್ತೀನಿ ತಗೀ," ಎಂದು ದಾಳ ಒಗೆದರು. ಒಂದು ಬಿತ್ತು.

"ಅಪ್ಪಾ, ನೀವು ಸತ್ರಿ."

"ನೋಡಿದ್ದಕ್ಕ ಸತ್ತೆನೇನಲೇ?"

"ಸತ್ರಿ. ಸತ್ತವ್ರು ಆಟ ಮುಗಿಯೂ ಮಟಾ ಮಾತಾಡಂಗಿಲ್ಲ."

"ನನ್ನ ಮನಿಯಾಗ ನಾ ಸುಮ್ಮ ಕುಂಡ್ರಬೇಕು?" ಎಂದು ಅಪ್ಪ ಕೂಗಿದ ಕೂಗಿಗೆ ಖಾದರಸಾಬರು ಎಚ್ಚೆತ್ತು, "ಹುಲಿ ಬಂತೇನ್ರೀ?" ಎಂದರು.

ಮುಂದಿನ ವಾರ ಅಣ್ಣ ವರ್ಣನೆ ಬಿಟ್ಟ. ಆದರೆ ಕಂಡಕ್ಟರಿಕೆ ಬಿಡಲಿಲ್ಲ. "ಎಲ್ಲಾರೂ ಗವಿ ಒಳಗ ನಡೀರಿ! ಒಳಗ ಸರೀರಿ, ಒಳಗ ಸರೀರಿ, ಹಿಂದ ಜಾಗಾ ಐತಿ!"

ಖಾದರಸಾಬರು ಸರಿಯಲಿಲ್ಲ. "ಗವಿ ನನಗ್ಯಾಕಪಾ? ನಾ ಮಾರ್ಕೆಟ್ ನೋಡ್ತೀನಿ."

"ಅಲ್ಲಿ ಮಾರ್ಕೆಟ್ ಇಲ್ರೀ ಚಾಚಾ."

"ರಾಜ ಅದಾನ ಅಂತಿ, ಮಾರ್ಕೆಟ್ ಇಲ್ಲ ಅಂತಿ. ಮತ್ತ ರಾಜ ಅಂಗಿ ಎಲ್ಲಿ ಹೊಲಸ್ತಾನ?"

 ಅಣ್ಣ ಸಿಟ್ಟಿಗೆದ್ದು ಗವಿಯ ಬಾಯಿಗೇ ಒಂದು ಹಾಳು ಬಾವಿ ತೋಡಿದ. ಅದರಲ್ಲಿ ಬಿದ್ದವರು ಯಾರು? ಅಪ್ಪ!

ಮೂರನೇ ವಾರ ಅಣ್ಣ ಲಂಚಕ್ಕಿಳಿದ. ಗದಗಿನ ಮಿರ್ಚಿ ಭಜಿ, ಚುರಮುರಿಯ ಗಿರ್ಮಿಟ್ಟು, ಮೇಲೆ ಚಹಾ. ಜನ ಬಂದರು, ತಿಂದರು. ಬಸಪ್ಪಣ್ಣ ರಾಕ್ಷಸ ಬರುವ ಮೊದಲೇ ಕೈ ತೊಳೆದುಕೊಂಡು, "ರಾಕ್ಷಸಗ ನಮಸ್ಕಾರ ಹೇಳಪಾ," ಎಂದು ಎದ್ದುಹೋದ. ಉಳಿದ ಅಪ್ಪ ಭಜಿ ಬಾಯಲ್ಲಿಟ್ಟುಕೊಂಡೇ ಆ ರಾಕ್ಷಸನ ಕೈಯಲ್ಲಿ ಸತ್ತದ್ದನ್ನು ಮೊದಲೇ ಹೇಳಿದೆನಲ್ಲ.

ನಾಲ್ಕನೇ ವಾರ ಯಾರೂ ಬರಲಿಲ್ಲ. ಚಾಪೆ ಹಾಸಿ, ದಾಳವನ್ನು ಒರೆಸಿ ಇಟ್ಟು, ಅಣ್ಣ ಬಾಗಿಲ ಕಡೆಗೇ ನೋಡುತ್ತ ಕೂತ. ಅಪ್ಪ ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂಡುವ ಕುಣಿಯಿಂದ ಮೇಲೇಳಲೇ ಇಲ್ಲ. ಮಗ್ಗದ ಸದ್ದು ಅಂದು ಬೇಕೆಂದೇ ಜೋರಾಗಿತ್ತು. ಬಸ್ಸಿನಲ್ಲಿ ನೂರು ಜನರನ್ನು ಗದರಿಸುವ ಗಂಡಸು, ನಾಲ್ಕು ಜನ ಬರಲಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡು ಕೂತದ್ದು ನೋಡಲಾಗಲಿಲ್ಲ.

"ಯಾಕ ಬರಲಿಲ್ಲ ತಂಗಿ ಯಾರೂ?"

"ಅಣ್ಣಾ, ಬಸ್ಸಿನ್ಯಾಗ ಮಂದಿ ಹತ್ತಿದ ಕೂಡ್ಲೇ ಮೊದಲ ಏನು ಕೇಳ್ತಿ?"

"ಎಲ್ಲಿಗೆ ಅಂತ ಕೇಳ್ತೀನಿ."

"ಮತ್ತ ಇಲ್ಲಿ ಯಾಕ ಕೇಳೂದಿಲ್ಲ? ನೀನ ಹತ್ತಸ್ತಿ, ನೀನ ಇಳಸ್ತಿ. ನಮಗ ಎಲ್ಲಿಗೆ ಹೋಗೂದೈತಿ ಅಂತ ಯಾವತ್ತರ ಕೇಳೀ ಏನು?"

 ಅಣ್ಣ ಎದ್ದು ಚಪ್ಪಲಿ ಮೆಟ್ಟಿ ಸೀದಾ ಖಾದರಸಾಬರ ಅಂಗಡಿಗೆ ಹೋದ. ಅಲ್ಲಿಂದ ಬಸಪ್ಪಣ್ಣನ ಮನೆಗೆ. ಕೊನೆಗೆ ಮಗ್ಗದ ಕುಣಿಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, "ಅಪ್ಪಾ, ಆಟದಾಗ ನೀವು ಏನಾಗ್ತೀರಿ ಹೇಳ್ರಿ. ನೀವು ಹೇಳಿದಂಗ," ಎಂದ.

ಮಗ್ಗ ನಿಂತಿತು. ಅಪ್ಪ ಲಾಳಿಯನ್ನು ಬದಿಗಿಟ್ಟರು. ನಮ್ಮಪ್ಪ ಎಂಥವರೆಂದರೆ, ಹೆಚ್ಚಿಗೆ ಬಂದ ಒಂದು ಗೇಣು ದಾರವನ್ನೂ ನೂಲು ಕೊಡುವ ಸಾವುಕಾರರಿಗೆ ತಿರುಗಿ ಒಪ್ಪಿಸುವವರು. ಅಂಥ ಅಪ್ಪ ಹೇಳಿದರು: "ನಾ ಕಳ್ಳ ಆಗ್ತೀನಿ."

"ಕಳ್ಳ?!"

"ಸಾಚಾ ಆಗಿ ಸಾಕಾಗೇತೋ ಮಗನ!"

ಆ ವಾರದಿಂದ ನೋಡಿ ಆಟದ ಗಮ್ಮತ್ತು! ಖಾದರಸಾಬರು ಕೋಟೆಯ ಒಳಗೇ ಅಂಗಡಿ ತೆರೆದರು. ಮಂತ್ರಿಯ ಸೊಂಟದ ಅಳತೆ ತೆಗೆಯುತ್ತ ತೆಗೆಯುತ್ತ ರಾಜ್ಯದ ಗುಟ್ಟೆಲ್ಲ ಹೊರಗೆ ತೆಗೆದರು. ಬಸಪ್ಪಣ್ಣ ರಾಜನ ರಥ ಹೊಡೆಯುವವನಾದ. ಯುದ್ಧದ ನಡುವೆಯೂ, "ಕುದುರಿಗೆ ನೀರು ಕುಡಸ್ದ ನಾ ಗಾಡಿ ಬಿಡೂದಿಲ್ಲ," ಎಂದು ಹಟ ಹಿಡಿದು ಒಂದು ಸಲ ರಾಜನನ್ನೇ ಕೆಳಗಿಳಿಸಿದ. ಅಪ್ಪ ಮೊದಲು ಕದ್ದದ್ದು ರಾಜನ ಕಿರೀಟ. ಕದ್ದು ಮನೆಗೆ ತಂದ ಮೇಲೆ ಸಂಕಟವಾಗಿ, ಹೋಗಿ ತಿರುಗಿ ಇಟ್ಟುಬಂದರು. ಕದಿಯುವುದಕ್ಕಿಂತ ತಿರುಗಿ ಇಡುವುದಕ್ಕೇ ಹೆಚ್ಚು ಸಲ ದಾಳ ಒಗೆಯಬೇಕಾಯಿತು!

ನಾನು ಸೇನಾಪತಿಯಾದೆ. ಹತ್ತಿರದ ಮಲ್ಲಸಮುದ್ರಕ್ಕೆ ಗೆಳತಿಯ ಮನೆಗೆ ಹೋಗಬೇಕಾದರೂ ಅಪ್ಪನನ್ನು ಕೇಳಬೇಕಾಗಿದ್ದ ನಾನು, ಚಾಪೆಯ ಮೇಲೆ ಕೂತು ಆನೆ ಕುದುರೆಗಳನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಅಟ್ಟುತ್ತಿದ್ದೆ. ಅಣ್ಣ ಮಾತ್ರ ಈಗ ಹೆಚ್ಚು ಮಾತಾಡುತ್ತಿರಲಿಲ್ಲ. ಆಗಿದ್ದಿಷ್ಟು ಹೇಳಿ, ಮುಂದಕ್ಕೆ ಬಾಗಿ, "ಈಗ ಏನ್ಮಾಡ್ತೀರಿ?" ಎಂದು ಕೇಳಿ, ನಿಜವಾಗಿಯೂ ಕಾಯುತ್ತಿದ್ದ.

ಅಷ್ಟರಲ್ಲಿ ನನಗೆ ಮುಂಡರಗಿಯ ಗಂಡು ಗೊತ್ತಾಗಿ ಮದುವೆಯೂ ಆಯಿತು. ಅದೇ ಬೇಸಿಗೆಯಲ್ಲಿ ಖಾದರಸಾಬರೂ ಮಗಳ ಊರು ಲಕ್ಷ್ಮೇಶ್ವರಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಮಷೀನು ಹಾಕಿದರು. ಆಟ ಮುಗಿಯಿತೆಂದೇ ತಿಳಿದೆವು. ಬೇರೆ ಯಾರಾದರೂ ಆಗಿದ್ದರೆ ಮುಗಿಯುತ್ತಿತ್ತು.

ಅಣ್ಣ ಆಟವನ್ನೇ ಬಸ್ಸಿಗೆ ಹತ್ತಿಸಿದ! ಬೆಳಿಗ್ಗೆ ಲಕ್ಷ್ಮೇಶ್ವರದಲ್ಲಿ ಇಳಿದು ಖಾದರಸಾಬರ ಕೈಯಲ್ಲಿ ದಾಳ ಒಗೆಸುವುದು, ಮಧ್ಯಾಹ್ನ ಮುಂಡರಗಿಯಲ್ಲಿ ನನ್ನ ಕೈಯಲ್ಲಿ, ಸಂಜೆ ಮನೆಯಲ್ಲಿ ಅಪ್ಪನ ಕೈಯಲ್ಲಿ. ನನ್ನ ಗಂಡನ ಸೈಕಲ್ ಅಂಗಡಿ ಮುಂಡರಗಿ ಸ್ಟ್ಯಾಂಡಿನ ಎದುರಿಗೇ ಇತ್ತು. ನಾನು ಅವರಿಗೆ ಚಹಾ ಒಯ್ಯುವ ಹೊತ್ತಿಗೆ ಸರಿಯಾಗಿ ಬಸ್ಸು ಬರುತ್ತಿತ್ತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಣ್ಣನ ಚರ್ಮದ ಚೀಲ, ಚೀಲದ ಮೇಲೆ ದಾಳ. "ಸೇನಾಪತಿ, ಹೊಳಿ ತುಂಬಿ ಹರಿಯಾಕತ್ತೈತಿ. ಆಚೆ ದಂಡಿಗೆ ವೈರಿ. ಏನ್ಮಾಡ್ತಿ?"

ಬಸ್ಸಿನ ಕಿಟಕಿಗಳಿಂದ ಮಂದಿ ತಲೆ ಹೊರಗೆ ಹಾಕುತ್ತಿದ್ದರು. ಮೊದಲು ಸುಮ್ಮನೆ ನೋಡಿದರು. ಆಮೇಲೆ ಬಾಯಿ ಹಾಕಿದರು. "ದಾಟ್ರಿ, ದಾಟ್ರಿ!" ಎಂದು ಒಂದು ಕಿಟಕಿ. "ಯವ್ವಾ, ಆ ಮಂತ್ರಿನ್ನ ನಂಬಬ್ಯಾಡ, ಅಂವ ಸರಿ ಇಲ್ಲ!" ಎಂದು ಇನ್ನೊಂದು ಕಿಟಕಿಯ ಮುದುಕಿ. ಒಮ್ಮೆ ಚೆಕಿಂಗ್ ಸಾಹೇಬರು ಹತ್ತಿದಾಗ ಇಡೀ ಬಸ್ಸು, "ಬಾಗಿಲಾ ಮುರೀರಿ!" ಎಂದು ಕೂಗುತ್ತಿತ್ತಂತೆ. ಯಾವ ಬಾಗಿಲೆಂದು ಸಾಹೇಬರು ಬೆವತುಹೋದರು. ಅಣ್ಣ ಕೈಮುಗಿದು ಎಲ್ಲ ವಿವರಿಸಿದ. ಸಾಹೇಬರು ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಅವರು ಇಳಿಯಲಿಲ್ಲ. ಮುಂದಿನ ಊರಲ್ಲಿ ಗಂಟಲು ಸರಿಮಾಡಿಕೊಂಡು, "ಅದಿರಲಿ, ಬಾಗಿಲಾ ಮುರೀತೋ ಇಲ್ಲೋ?" ಎಂದು ಕೇಳಿದರು!

ಹೀಗೆ ನಡೆದಿತ್ತು. ನನ್ನ ಗಂಡನ ಮನೆಯವರು ಒಳ್ಳೆಯವರೇ. ಬೈಯುವವರಲ್ಲ, ಹೊಡೆಯುವವರಲ್ಲ. ತುಂಬಿದ ಮನೆ, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಆದರೆ ಹೊಸ ಸೊಸೆಗೆ ಹೇಳುವುದಿರುತ್ತದೆ, ಕೇಳುವುದೇನಿರುತ್ತದೆ? ಇಡೀ ದಿನದಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳುತ್ತಿದ್ದವನು ಅಣ್ಣ ಒಬ್ಬನೇ.

ಒಂದು ದಿನ ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿಯ ವಾಸನೆಗೇ ಹೊಟ್ಟೆ ತೊಳಸಿತು. ದಿನ ಎಣಿಸಿದೆ. ತಿಳಿಯಿತು. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಅಂಜಿಕೆ. ಮೊದಲು ಯಾರ ಕಿವಿಯಲ್ಲಿ ಹೇಳಬೇಕಾಗಿತ್ತೋ ಆಕೆ ಇರಲಿಲ್ಲ. ಚಹಾದ ಕಿಟ್ಲಿ ಹಿಡಿದುಕೊಂಡು ಸ್ಟ್ಯಾಂಡಿಗೆ ಬಂದಾಗ ಬಸ್ಸು ಆಗಲೇ ಬಂದಿತ್ತು. ಕಿಟಕಿಗಳೆಲ್ಲ ತುಂಬಿದ್ದವು. ಅಣ್ಣ ಹುರುಪಿನಿಂದ ಓಡಿಬಂದ.

"ಸೇನಾಪತಿ! ವೈರಿ ಕೋಟಿ ಬಾಗಲ ಮುಂದ ನಿಂತಿ. ಇಡೀ ಸೈನ್ಯ ನಿನ್ನ ಬೆನ್ನಿಗೈತಿ. ಏನ್ಮಾಡ್ತಿ?"

ನಾನು ಕಿಟ್ಲಿಯನ್ನು ಕೆಳಗಿಟ್ಟು ಕಲ್ಲುಬೆಂಚಿನ ಮೇಲೆ ಕೂತೆ. "ಕುಂಡ್ರತೀನಿ."

"ಏನು?"

"ಸೇನಾಪತಿಗೆ ಅವ್ವ ನೆನಪಾಗ್ಯಾಳ ಅಣ್ಣಾ. ಆಕಿ ಕುಂಡ್ರತಾಳ."

 ಅಣ್ಣ ನನ್ನ ಮುಖ ನೋಡಿದ. ದಾಳವನ್ನು ಕಿಸೆಗೆ ಹಾಕಿದ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತ.

"ಆತು," ಎಂದ ಮೆಲ್ಲಗೆ. "ಸೇನಾಪತಿ ಕುಂತ್ರ ಸೈನ್ಯಾನೂ ಕುಂಡ್ರತೈತಿ."

ಬಸಪ್ಪಣ್ಣ ಹಾರ್ನ್ ಹೊಡೆಯಲಿಲ್ಲ. ಇಂಜಿನ್ ಬಂದ್ ಮಾಡಿದ. ಬಸ್ಸು ತುಂಬ ಮಂದಿ, ಸಂತೆಗೆ ಹೋಗುವವರು, ಊರು ಮುಟ್ಟಬೇಕಾದವರು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಎಷ್ಟು ಹೊತ್ತೋ. ಆಮೇಲೆ ಕಿಟಕಿಯ ಮುದುಕಿ ಕೈ ಹೊರಗೆ ಚಾಚಿದಳು. ಅಂಗೈಯಲ್ಲಿ ನಾಲ್ಕು ನೆಲ್ಲಿಕಾಯಿ.

"ತಗೋ ಮಗಳ, ಹುಳಿ ಛಲೋ ಅನಸ್ತೈತಿ. ಎಷ್ಟು ತಿಂಗಳಾತು?"

ಅಣ್ಣ ಗಕ್ಕನೆ ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಿದೆ. ನೆಲ್ಲಿಕಾಯಿಯನ್ನು ಅವನೇ ಇಸಿದುಕೊಂಡು ನನ್ನ ಸೆರಗಿಗೆ ಹಾಕಿ, ಎದ್ದು ನಿಂತು, ಸೀಟಿಯನ್ನು ಬಾಯಿಗಿಟ್ಟ. ಊದಿದ. ಬರೀ ಗಾಳಿ ಬಂತು. ಮತ್ತೊಮ್ಮೆ ಊದಿದ. ತುಟಿ ನಿಲ್ಲುತ್ತಿರಲಿಲ್ಲ ಅವನಿಗೆ. ಬಸಪ್ಪಣ್ಣ ಕನ್ನಡಿಯಲ್ಲಿ ನೋಡಿದನೇನೋ, ಸೀಟಿಗೆ ಕಾಯದೆ ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಟ್ಟ. ಅಣ್ಣ ಬಾಗಿಲ ಸರಳು ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು, ಬಸ್ಸಿನ ಜೊತೆಗೆ ಓಡುತ್ತ ಓಡುತ್ತ ಹತ್ತಿದ.