ಕಿವಿಯಣ್ಣ ನಿಲ್ಲಿಸಿದ ಸದ್ದುಗಳು

ದೇವರು ಕೆಲವರಿಗೆ ಕೈಗುಣ ಕೊಡುತ್ತಾನೆ, ಕೆಲವರಿಗೆ ಕಂಠ. ರೇಡಿಯೋ ರಿಪೇರಿಯ ಕಿವಿಯಣ್ಣನಿಗೆ ಕಿವಿ ಕೊಟ್ಟಿದ್ದ. ಬಾಯನ್ನು ಅವನು ತಾನೇ ಬೆಳೆಸಿಕೊಂಡಿದ್ದ. ರೇಡಿಯೋ ಗೊರಗೊರ ಅಂದರೆ ಸಾಕು, ಅದು ಯಾವುದರ ಕಾಟ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ.

ಅಂದು ಬೆಳಿಗ್ಗೆ ಹತ್ತಕ್ಕೆ ಅವನ ಮಗಳು ಮೊದಲ ಸಲ ರೇಡಿಯೋದಲ್ಲಿ ಮಾತಾಡುವವಳಿದ್ದಳು. ವಿಷಯವೂ ಅದೇ: ಗೊರಗೊರ ಕಡಿಮೆ ಮಾಡುವುದು ಹೇಗೆ. ಕಿವಿಯಣ್ಣ ಬೀದಿಯವರನ್ನು ಅಂಗಡಿಗೆ ಕರೆದು, ಇದ್ದುದರಲ್ಲಿ ಒಳ್ಳೆಯ ಸೆಟ್ಟನ್ನು ಮದುಮಗನಂತೆ ಸ್ಟೂಲಿನ ಮೇಲೆ ಕೂರಿಸಿದ್ದ.

"ಎಲ್ಲರಿಗೂ ನಮಸ್ಕಾರ" ಎಂಬ ದನಿ ಬಂದದ್ದೇ ತಡ, ಅವನ ಎದೆಯುಬ್ಬಿ ಅಂಗಿಯ ಗುಂಡಿ ಬಿಗಿಯಿತು.

"ಕೇಳಿದ್ರಾ? ನನ್ನ ಮಗಳು! ಹಾಲುಹಲ್ಲು ಬೀಳೋ ಮುಂಚೆ ಬೆಸುಗೆ ಹಾಕೋದು ಕಲಿತವಳು! ಈ ಬೆಂಚಿನ ಮೇಲೇ..."

ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ರೇಡಿಯೋ 'ಬುರ್ರ್... ಬುರ್ರ್' ಎಂದಿತು.

"ಹೊಲಿಗೆ ಮಿಷನ್ ಮೋಟರು!" ಕಿವಿಯಣ್ಣ ಎದುರಿನ ಟೈಲರ್ ಅಂಗಡಿಗೆ ಓಡಿ ಪ್ಲಗ್ಗು ಕಿತ್ತ.

"ಅಯ್ಯೋ, ತೋಳು ಅರ್ಧ ಹೊಲಿದಿದೀನಣ್ಣಾ!"

"ನನ್ನ ಮಗಳ ಮಾತಿಗಿಂತ ನಿನ್ನ ತೋಳು ಹೆಚ್ಚೇನೋ?"

ಟೈಲರ್ ತೋಳು ಅರ್ಧ ಹೊಲಿದ ಅಂಗಿ ಹಿಡಿದೇ ಹಿಂದೆ ಬಂದ. ಬುರ್ರ್ ನಿಂತಿತ್ತು. ಕಿವಿಯಣ್ಣ ಮೀಸೆ ತಿರುವುವಷ್ಟರಲ್ಲಿ 'ಜೀಂ' ಎಂದು ಇನ್ನೊಂದು ಶುರುವಾಯಿತು.

"ಟ್ಯೂಬ್‌ಲೈಟಿನ ಚೋಕು!" ಪಕ್ಕದ ಕ್ಷೌರದಂಗಡಿ ಕತ್ತಲಾಯಿತು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಗಿರಾಕಿಯೂ ಕತ್ತಿ ಹಿಡಿದ ಕ್ಷೌರಿಕನೂ ಬೈಯುತ್ತಲೇ ಬಂದರು. ಜೀಂ ಕೂಡ ನಿಂತಿತು.

"ಏನು ಕಿವಿ ಮಾರಾಯ ನಿಂದು!" ಎಂದ ಕ್ಷೌರಿಕ, ಬೈಗುಳ ಮರೆತು.

ಆಗ 'ಚರ್... ಪರ್...'

"ಇದು ಸೆಟ್ಟಿನೊಳಗಿಂದಲೇ. ಬೆಸುಗೆ ಬಿಟ್ಟಿದೆ."

"ರೀ, ಸ್ವಲ್ಪ ತಡೀರಿ. ಅವಳು ಮೊದಲೇ ಏನೋ ಹೇಳಿದ್ಲು, ನಿಮ್ಮ ಗಲಾಟೇಲಿ..." ಎಂದಳು ಸ್ಟೂಲಿನ ಪಕ್ಕ ಕೂತಿದ್ದ ಅವನ ಹೆಂಡತಿ.

"ನೀನು ಸುಮ್ನಿರೇ!" ಅವನು ಹಿಂದಿನ ಮುಚ್ಚಳ ಬಿಚ್ಚಿ ಸ್ಕ್ರೂಡ್ರೈವರ್ ಒಳಗಿಟ್ಟ.

ಚರ್‌ಪರ್ ತಾನಾಗಿಯೇ ನಿಂತಿತು. ಮಗಳ ದನಿ ತಿಳಿನೀರಿನಂತೆ ಹರಿದು ಬಂತು.

"ಆಗಲೇ ಹೇಳಿದ ಹಾಗೆ, ಈ ಮೂರು ಸದ್ದೂ ನಾನೇ ರೆಕಾರ್ಡ್ ಮಾಡಿ ತಂದದ್ದು. ಹೊಲಿಗೆ ಮಿಷನ್ ಮೋಟರು, ಟ್ಯೂಬ್‌ಲೈಟ್ ಚೋಕು, ಬಿಟ್ಟ ಬೆಸುಗೆ. ನಮ್ಮಪ್ಪ ಆಗಿದ್ರೆ ಮೂರನ್ನೂ ಕಣ್ಣು ಮುಚ್ಚಿ ಹೇಳಿಬಿಡ್ತಿದ್ರು. ಇವನ್ನ ನಿಲ್ಲಿಸೋ ಉಪಾಯ ಕಲಿಸಿದ್ದೂ ಅವರೇ. ಈಗ ಅದನ್ನ ಹೇಳ್ತೀನಿ..."

ಟೈಲರ್ ತನ್ನ ಅರ್ಧ ತೋಳನ್ನು ನೋಡಿದ. ಗಿರಾಕಿ ಒಣಗಿದ ನೊರೆ ಮುಟ್ಟಿಕೊಂಡ. ಕಿವಿಯಣ್ಣನ ಕಣ್ಣು ತುಂಬಿ ಮಂಜಾಯಿತು, ಒಳಗಿದ್ದ ಸ್ಕ್ರೂಡ್ರೈವರ್ ಎಲ್ಲಿಗೋ ತಗಲಿತು. 'ಟಪ್!' ರೇಡಿಯೋ ಮೌನವ್ರತ ಹಿಡಿಯಿತು.

"ಉಪಾಯ ಕೇಳಿಸಲೇ ಇಲ್ವಲ್ಲ!" ಎಂದ ಟೈಲರ್.

"ಕಲಿಸಿದವನು ನಾನೇ ತಾನೆ? ಕೂತ್ಕೊಳ್ಳಿ, ನಾನೇ ಹೇಳ್ತೀನಿ." ಅವನ ಎದೆ ಇನ್ನೂ ಇಳಿದಿರಲಿಲ್ಲ.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ಬೀದಿಯ ಸದ್ದೆಲ್ಲ ನಿಲ್ಲಿಸಿದ್ರಿ. ನಿಮ್ಮದೊಂದು ಬಿಟ್ಟು."