ಗಡಹಿಂಗ್ಲಜದ ಒಂಟಿ, ಜೈಸಲ್ಮೇರಿನ ಕ್ವಾಟಿ

ನನ್ನ ಹೆಂಡತಿ ನೂತನಗ ನೀರು ಕಂಡ್ರ ಆಗೂದಿಲ್ಲ. (ಜಳಕದ ಮಾತಲ್ಲರಿ, ಗೈರಸಮಜ ಮಾಡ್ಕೋಬ್ಯಾಡ್ರಿ.) ಆಕಿ ತವರುಮನಿ ಕುರುಂದವಾಡ. ಮಳಿಗಾಲ ಬಂತಂದ್ರ ಕೃಷ್ಣಾಮಾಯಿ ಕರೀದನ, ಹೇಳದನ ಸೀದಾ ಅವರ ಅಡಗಿಮನಿಗೆ ಬಂದುಬಿಡತಾಳ. ಮಂದಿ ಮಕ್ಕಳು ಸೂಟಿಯೊಳಗ ಆಡತಿದ್ರ, ಈಕಿ ಗಾದಿ, ಜ್ವಾಳದ ಚೀಲ, ಅಜ್ಜಿ ಎಲ್ಲಾ ಮಾಳಿಗಿಗೆ ಏರಸೂದು, ಮತ್ತ ಇಳಸೂದು ಮಾಡ್ಕೋತ ದೊಡ್ಡಾಕಿ ಆದಾಕಿ. ಅದಕ್ಕ ಮದುವಿ ಆದ ಹೊಸದಾಗಿ ನಾ ರಾಜಗಾಂಭೀರ್ಯದಿಂದ, "ಕೇಳು, ನಿನಗೇನು ಬೇಕು?" ಅಂದಾಗ ಆಕಿ ಬಂಗಾರ ಕೇಳಲಿಲ್ಲ, ಸೀರಿ ಕೇಳಲಿಲ್ಲ.

"ಎಲ್ಲಿ ನೋಡಿದ್ರೂ ಒಣಗಿದ್ದ ಊರು ಒಂದ ಸಲ ತೋರಸ್ರಿ. ರಾಜಸ್ಥಾನಕ್ಕ ಕರ್ಕೊಂಡು ಹೋಗ್ರಿ," ಅಂದ್ಲು.

"ಇಷ್ಟ ಏನು? ಮುಂದಿನ ದಿವಾಳಿಗೆ ಪಕ್ಕಾ," ಅಂದ್ನಿ.

ಆ ಮುಂದಿನ ದಿವಾಳಿ ಬರೂದ್ರಾಗ ನಮ್ಮ ಮಗಳು ರುತುಜಾ ಹುಟ್ಟಿ, ಸಾಲಿ ಮುಗಿಸಿ, ಪುಣೆದಾಗ ಹಾಸ್ಟೆಲ್ ಸೇರಿದ್ಲು. ನಂದೇನು ತಪ್ಪಿಲ್ಲರಿ. ಇಚಲಕರಂಜಿ ಶಹಾಪುರದಾಗ ನಂದು ಮಗ್ಗದ ಶೆಡ್ ಐತಿ. ಮಗ್ಗ ಇದ್ದಾವಗ ಸೂಟಿ ಅನ್ನೂದು ನಿಘಂಟಿನ್ಯಾಗ ಅಷ್ಟ. ಒಮ್ಮೆ ನೂಲಿನ ದರ ಏರತೈತಿ, ಒಮ್ಮೆ ಲೈಟ್ ಹೋಗತೈತಿ, ಒಮ್ಮೆ ಕೆಲಸದವರೆಲ್ಲಾ ಕೂಡಿ ಒಬ್ಬರ ಮದುವಿಗೆ ಹೋಗ್ತಾರ. ಹಗಲೆಲ್ಲಾ ಖಟಾಖಟ್ ಸಪ್ಪಳದಾಗ ಇದ್ದು ಇದ್ದು, ನಾ ಮನಿಗೆ ಬಂದು ಪ್ರೀತಿ ಮಾತು ಆಡಿದ್ರೂ ಓಣಿ ಮಂದಿಗೆ ಜಗಳ ನಡದೈತಿ ಅನಸತೈತಿ.

ಆದ್ರ ಈ ವರ್ಷ ನನ್ನ ತಲಿಯೊಳಗ ಬೆಳಕಾತು. ಹಳೇ ಮಗ್ಗ ತಗದು ಹೊಸಾವು ಕೂಡಸೂದಿತ್ತು. ಆ ಕೆಲಸಕ್ಕ ಶೆಡ್ ಬಂದ್. ಊಟದ ಹೊತ್ತಿಗೆ ಘೋಷಣಾ ಮಾಡೇ ಬಿಟ್ಟೆನಿ: "ನೂತನಾ, ಸಿದ್ಧಳಾಗು! ಜೋಧಪುರ, ಜೈಸಲ್ಮೇರ! ಮರುಭೂಮಿ ನಿನ್ನ ಪಾದಸ್ಪರ್ಶಕ್ಕ ಕಾಯಾಕತ್ತೈತಿ!"

ನೂತನ ಕೈಯಾನ ಸೌಟು ಹಂಗ ಹಿಡ್ಕೊಂಡು ನಿಂತ್ಲು. ಸಾರು ಸೋರಿ ನನ್ನ ತಾಟು ತುಂಬಿ ನೆಲಕ್ಕ ಹರೀತು. "ಖರೇ ಅಂತೀರಿ?" ಅಂದ್ಲು.

"ಮಿರಜದಿಂದ ಗಾಡಿ ತಿಕೀಟ ತಗಿಸಿ ಬಂದೇನಿ. ನೀನು, ನಾನು, ಅವ್ವ."

ನಮ್ಮ ಅವ್ವ ಸೋನಾಬಾಯಿ ದೇವರ ಕೋಣಿಯೊಳಗಿಂದನ ಒದರಿದ್ಲು. "ಒಣಗಿದ್ದು ನೋಡಾಕ ಅಷ್ಟು ದೂರ ಯಾಕಪ ಅಭಯಾ? ನಮ್ಮ ಓಣಿ ನಳದ ಮುಂದ ಕೂಡ್ರಿ, ಪುಕ್ಕಟ ಕಾಣತೈತಿ."

"ಅವ್ವಾ, ಜೈಸಲ್ಮೇರ ಕಿಲ್ಲೆದಾಗ ಜೈನ ಬಸ್ತಿ ಅದಾವ. ಹಳದಿ ಕಲ್ಲಿನ್ಯಾಗ ಕೆತ್ತಿದ್ದು."

ಅವ್ವ ಜಪಮಾಲಿ ಹಿಡ್ಕೊಂಡ ಹೊರಗ ಬಂದ್ಲು. "ಮೊದಲ ಹೇಳಬಾರದ? ಎಂದ ಹೊಂಡೂದು?"

ಅಲ್ಲಿಂದ ಮುಂದ ನಾನು ನಾನಾಗಿ ಉಳೀಲಿಲ್ಲರಿ. ಫೋನಿನ್ಯಾಗ ಕಿಲ್ಲೆದ ವಿಡಿಯೋ ನೋಡಿ ನೋಡಿ ಪುರಾತತ್ತ್ವ ಶಾಸ್ತ್ರಜ್ಞ ಆಗಿಬಿಟ್ಟೆನಿ. ಹಲ್ಲು ತಿಕ್ಕೋತ ಜೋಧಪುರದ ಮೆಹರಾನಗಡ ಕಿಲ್ಲೆದ ಬಗ್ಗೆ ಭಾಷಣ ಮಾಡ್ತಿದ್ನಿ. "ಆ ಬಾಗಲಕ್ಕ ಇಷ್ಟಿಷ್ಟುದ್ದ ಮೊಳಿ ಬಡದಾರ, ಗೊತ್ತೈತೇನ? ಯಾಕ? ವೈರಿ ಆನಿ ಬಂದು ತಲಿ ಕೊಟ್ಟು ದಬ್ಬಬಾರದಂತ!"

"ಬಾಯಿ ಮುಕ್ಕಳಸ್ರಿ ಮೊದಲ," ಅನ್ನಾಕಿ ನೂತನ. ಆದ್ರ ಆಕಿ ಮಾರಿ ಮ್ಯಾಲ ನಗಿ ಇತ್ತು. ನಾ ಕದ್ದು ನೋಡಿದ್ನಿ, ಅಡಗಿ ಮಾಡ್ಕೋತ ಹಾಡಾಕತ್ತಿದ್ಲು. ಗಂಡನ ಪರಾಕ್ರಮಕ್ಕ ಇದಕ್ಕಿಂತ ದೊಡ್ಡ ಪದಕ ಎಲ್ಲಿ ಸಿಗತೈತ್ರಿ?

ವಾದ ಆಗಲಿಲ್ಲಂತಲ್ಲ. ಉಸುಕಿನ ದಿಬ್ಬದ ಮ್ಯಾಲ ಸೂರ್ಯಾಸ್ತ ನೋಡೂದು ನನ್ನ ಕಾರ್ಯಕ್ರಮದ ಕಳಸ. ಆದ್ರ ನಮ್ಮ ಜೈನರ ಮನಿಯಾಗ ಹೊತ್ತು ಮುಳಗೂದ್ರಾಗ ಊಟ ಮುಗೀಬೇಕು.

"ಹಂಗಂದ್ರ ಸೂರ್ಯ ಇಳಿಯೂ ಹೊತ್ತಿಗೆ ನಾ ಉಣ್ಣೂದು ಬಿಟ್ಟು ಅವನ ಮಾರಿ ನೋಡ್ಕೋತ ನಿಂದ್ರಬೇಕೇನ?" ಅಂತ ಅವ್ವ ಕೇಳಿದ್ಲು.

"ಉಣ್ಕೋತ ನೋಡೂನು ಅತ್ತಿ. ಚಪಾತಿ ಕಟ್ಕೋತೀನಿ," ಅಂತ ನೂತನ ತೀರ್ಪು ಕೊಟ್ಟಳು. ಜಗತ್ತಿನ ಪ್ರವಾಸಿಗರೆಲ್ಲಾ ಕ್ಯಾಮೆರಾ ಎತ್ತಿದಾಗ ನಮ್ಮ ಕುಟುಂಬ ಚಪಾತಿ ಎತ್ತೂದು ಅಂತ ಠರಾವಾತು.

ಒಂದು ಆಯ್ತವಾರ ಕೊಲ್ಹಾಪುರದಿಂದ ನನ್ನ ತಂಗಿ ಪ್ರಿಯದರ್ಶನಿ ಬಂದ್ಲು. ಆಕಿ ಗಂಡ ಕೇತನಂದು ಗೋಕುಳ ಶಿರಗಾಂವದಾಗ ವರ್ಕಶಾಪ್ ಐತಿ. ನನ್ನ ಭಾಷಣ ಪೂರಾ ಕೇಳಿ, "ದಾದಾ, ಪನ್ಹಾಳಾ ಕಿಲ್ಲೆಕ್ಕ ಹೋದಾಗ ನೀ ಕಾರಿನಿಂದ ಇಳದಿದ್ದು ಪಿಠಲಾ-ಭಾಕರಿ ಅಂಗಡಿ ಮುಂದ ಅಷ್ಟ ಹೌದಿಲ್ಲೋ?" ಅಂದ್ಲು.

"ಅದು ಸ್ಥಳೀಯ ಸಂಸ್ಕೃತಿಯ ಅಧ್ಯಯನ," ಅಂದ್ನಿ.

"ಹೌದ್ರಿ, ಎರಡು ತಾಟು ಅಧ್ಯಯನ ಮಾಡಿದ್ರು," ಅಂತ ನೂತನ ದನಿಗೂಡಿಸಿದ್ಲು.

ನಾ ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ. ನನಗ ಒಂದ ಚಿಂತಿ: ಒಂಟಿ. (ನಮ್ಮ ಕಡೆ ಒಂಟೆಗೆ ಒಂಟಿ ಅಂತೀವ್ರಿ. ಈ ಪ್ರಾಣಿ ನನ್ನನ್ನ ಒಂಟಿ ಮಾಡೇ ಬಿಡತೈತಿ ಅಂತ ಆಗ ಗೊತ್ತಿರಲಿಲ್ಲ.) ಒಂಟಿ ಏಳೂವಾಗ ಮೊದಲ ಹಿಂದಿನ ಕಾಲು ಎತ್ತತೈತಿ, ಮ್ಯಾಲ ಕುಂತಾವ ಹಿಂದಕ್ಕ ಬಾಗಬೇಕು, ಇಲ್ಲಂದ್ರ ಮುಗ್ಗರಿಸ್ತಾನ. ಇದನ್ನ ನಾ ಅವ್ವಗ ದಿನಾ ಪಾಠ ಮಾಡ್ತಿದ್ನಿ. ಕುರ್ಚಿ ಮ್ಯಾಲ ಕುಂಡ್ರಿಸಿ, ಹಿಂದಿಂದ ಎತ್ತಿ, "ಬಾಗು ಅವ್ವಾ, ಹಿಂದ ಬಾಗು!" ಅಂತಿದ್ನಿ. ಅವ್ವ ಒಂದ ದಿನ ಕುರ್ಚಿಯಿಂದ ಎದ್ದು, "ನಿನ್ನಂಥಾವನ್ನ ಸೊಂಟದ ಮ್ಯಾಲ ಕುಂಡ್ರಿಸಿಕೊಂಡು ಬಾಹುಬಲಿ ಗುಡ್ಡಾ ಹತ್ತೀನಪ ನಾ. ಒಂಟಿ ಏನು ಮಾಡತೈತಿ ನನಗ?" ಅಂತ ಹೋಗಿಬಿಟ್ಲು.

ಹೊಂಡಾಕ ಒಂದು ವಾರ ಇದ್ದಾಗ ಗಡಹಿಂಗ್ಲಜದಾಗ ನಮ್ಮ ಕಾಕಾನ ಮೊಮ್ಮಗ ನಿಖಿಲನ ಮದುವಿ ಬಂತು. ಹೋಗಿ ನೋಡ್ತೀವಿ, ಮದುವಿ ಕಾರ್ಯಾಲಯದ ಮುಂದ ಸಾಕ್ಷಾತ್ ಒಂಟಿ! ಕುದರಿ ಮ್ಯಾಲ ಎಲ್ಲಾರೂ ಬರ್ತಾರಂತ ನಿಖಿಲ ವರಾತಿ ಮೆರವಣಿಗಿಗೆ ಒಂಟಿ ತರಿಸಿದ್ದ. ಕನ್ನಡಿ ಹಚ್ಚಿದ ಝೂಲು ಹೊದ್ದು, ಕಾಲು ಮಡಚಿ ಕುಂತು, ಬೀಗರೆಲ್ಲಾರನ್ನೂ ತಿರಸ್ಕಾರದಿಂದ ನೋಡ್ಕೋತ ಮೆಲಕು ಹಾಕಾಕತ್ತಿತ್ತು. ನನಗ ರೋಮಾಂಚನ ಆತು. ಇದು ಬರೇ ಒಂಟಿ ಅಲ್ಲ, ರಂಗತಾಲೀಮಿಗೆ ದೇವರ ಕಳಿಸಿದ ಅವಕಾಶ!

ಒಂಟಿ ಮಾಲಕ ಕೃಷ್ಣಾತಗ, "ಮದಿಮಗಾ ಬರೂದ್ರಾಗ ನಾ ಒಂದ ಸುತ್ತ ಹೊಡಿತೀನಿ," ಅಂದ್ನಿ. ಅವ ಹ್ಞೂಂ ಅಂದ.

"ಬ್ಯಾಡ್ರಿ," ಅಂತ ನೂತನ ನನ್ನ ಕೋಟು ಹಿಡದು ಜಗ್ಗಿದ್ಲು. "ಮಂದಿ ನೋಡಾಕತ್ತಾರ."

"ನೋಡಲಿ. ಕಲೀಲಿ," ಅಂದು ಹತ್ತಿ ಕುಂತ್ನಿ. ಕುಂತಾವ ಸುಮ್ಮನಿದ್ದೆನೇನ್ರಿ? ಸುತ್ತ ನಿಂತ ಮಂದಿಗೆ ವ್ಯಾಖ್ಯಾನ ಸುರು ಮಾಡಿದ್ನಿ. "ನೋಡ್ರಿ, ಒಂಟಿ ಮೊದಲ ಎತ್ತೂದು ಹಿಂದಿನ ಕಾಲು. ಬುದ್ಧಿವಂತ ಆದಾವ ಆಗ ಏನು ಮಾಡಬೇಕು?"

ಬುದ್ಧಿವಂತ ಆದಾವ ಏನು ಮಾಡಬೇಕಂತ ಹೇಳೂದ್ರಾಗ ಪ್ರಿಯದರ್ಶನಿ ಫೋನ್ ಎತ್ತಿ, "ದಾದಾ, ಇಕಡೆ ಬಘ! ಇತ್ತ ನೋಡು! ಸ್ವಲ್ಪ ಮುಂದ ಬಾ, ಮಾರಿ ಕಾಣವಲ್ದು!" ಅಂದ್ಲು. ನಾ ಮೀಸಿ ಮ್ಯಾಲ ಕೈ ಇಟ್ಟು ಮುಂದ ಬಾಗಿದ್ನಿ. ಅದ ಕ್ಷಣಕ್ಕ ಒಂಟಿ ಹಿಂದಿನ ಕಾಲು ಎತ್ತಿತು.

ಮುಂದಿಂದು ವಿಡಿಯೋದಾಗ ಐತಿ, ನಮ್ಮ ಬಳಗದ ಎಲ್ಲಾರ ಫೋನಿನ್ಯಾಗೂ ಐತಿ. ನಾ ಒಂಟಿ ಕುತಗಿ ಮ್ಯಾಲಿಂದ ಜಾರಬಂಡಿ ಜಾರಿದಂಗ ಜಾರಿ, ಬ್ಯಾಂಡಿನವರ ದೊಡ್ಡ ಡೋಲಿನ ಮ್ಯಾಲ 'ಢಂ' ಅಂತ ಅವತರಿಸಿದ್ನಿ. ಅದು ಸುರು ಮಾಡೂ ಸೂಚನಾ ಅಂತ ತಿಳದು ಬ್ಯಾಂಡಿನವರು ಪೂರ್ತಿ ದಮ್ಮು ಹಾಕಿ ಊದಾಕ ಹತ್ತಿದ್ರು. ನಾ ನೋವಿನಿಂದ ಕೈಕಾಲು ಬಡದ್ರ, ಹುಡುಗರು ಕುಣಿಯಾಕತ್ತಾನ ಅಂತ ಸೀಟಿ ಹೊಡದ್ರು. ಮದಿಮಗಾ ನಿಖಿಲ ಇದನ್ನ ಬಾಗಲದಾಗ ನಿಂತು ನೋಡಿ, ಸುಮ್ಮನ ಗೆಳ್ಯಾನ ಸ್ಕೂಟರ್ ಹತ್ತಿದ.

ಕಾಲಿನ ಎಲುಬು ಬಿರಕ ಬಿಟ್ಟಿತ್ತು. ಡಾಕ್ಟರು ಮೊಣಕಾಲತನಾ ಪ್ಲಾಸ್ಟರ್ ಹಾಕಿ, "ತಿಂಗಳತನಾ ಈ ಕಾಲು ನೆಲಕ್ಕ ಹಚ್ಚೂಹಂಗಿಲ್ಲ," ಅಂದ್ರು.

ಮನಿಗೆ ಬಂದ್ವಿ. ನೂತನ ಕಟ್ಟಿಟ್ಟ ಚೀಲ ಕಡೆ ಒಮ್ಮೆ ನೋಡಿದ್ಲು, ನನ್ನ ಕಾಲ ಕಡೆ ಒಮ್ಮೆ ನೋಡಿದ್ಲು, ಚಹಾ ಮಾಡಾಕ ಹೋದ್ಲು. ಆಕಿ ಬೈದಿದ್ರ ಚಲೋ ಇತ್ತು. ಇಷ್ಟು ವರ್ಷ ಕಾದಾಕಿ ಸುಮ್ಮನ ಚಹಾ ಮಾಡೂದು ಭಾಳ ಕೆಟ್ಟ.

ಆವಾಗ ನನ್ನೊಳಗಿನ ಮಹಾಪುರುಷ ಎದ್ದು ಕುಂತ. ಲೆಕ್ಕಾಚಾರ ಹಿಂಗಿತ್ತು: 'ನೀವಿಬ್ಬರೂ ಹೋಗ್ರಿ' ಅಂತ ನಾ ತ್ಯಾಗ ಮಾಡೂದು. 'ನಿಮ್ಮನ್ನ ಈ ಸ್ಥಿತಿಯೊಳಗ ಬಿಟ್ಟು ಹೆಂಗ ಹೋಗೂದು?' ಅಂತ ಅವರು ಅಳೂದು. ತ್ಯಾಗದ ಕೀರ್ತಿನೂ ನಂದು, ಬಿಸಿ ಊಟಾನೂ ನಂದು. ತಲಿದಿಂಬು ಸರಿ ಮಾಡ್ಕೊಂಡು, ಗಂಟಲ ನಡುಗಿಸಿ ಸುರು ಮಾಡಿದ್ನಿ.

"ನೂತನಾ, ಅವ್ವಾ, ನೀವಿಬ್ಬರೂ ಹೋಗ್ರಿ. ನನ್ನ ಚಿಂತಿ ಬ್ಯಾಡ. ನಾ ಇಲ್ಲೇ ಗ್ವಾಡಿ ನೋಡ್ಕೋತ ಬಿದ್ದಿರ್ತೀನಿ."

ನೂತನಳ ಕಣ್ಣು ತುಂಬಿ ಬಂದ್ವು. (ನನ್ನ ಎದಿ ತಂಪಾತು.)

"ಮನಸಿಂದ ಅಂತೀರೇನ್ರಿ?"

"ಮನಸಿಂದ."

"ಎಷ್ಟು ದೊಡ್ಡ ಮನಸ್ರಿ ನಿಮ್ಮದು!" ಅಂದಾಕಿನ ಒಳಗ ತಿರುಗಿ ಒದರಿದ್ಲು: "ಅತ್ತೀ! ಅವರು ಹ್ಞೂಂ ಅಂದ್ರು! ಸ್ವೆಟರ್ ತಗೀರಿ!"

ಅವ್ವ ಒಳಗಿಂದ, "ಪ್ರಿಯಾಗ ಫೋನ್ ಹಚ್ಚು. ಅಭಯನ ತಿಕೀಟ ಒಡಹುಟ್ಟಿದಾಕಿ ಹೆಸರಿಗೆ ಮಾಡಾಕ ಬರತೈತಂತ. ನಾ ಮುಂಜಾನೇನ ಕೇಳಸೀನಿ," ಅಂದ್ಲು.

ಮುಂಜಾನೇನ! ಅಂದ್ರ ನಾ ತ್ಯಾಗ ಮಾಡೂಕಿಂತ ಮೊದಲ ನನ್ನ ತ್ಯಾಗ ಮಂಜೂರಾಗಿತ್ತು.

ಪ್ರಿಯದರ್ಶನಿ ಬಂದ್ಲು, ಒಂದು ಕೈಯಾಗ ಚೀಲ, ಇನ್ನೊಂದು ಕೈಯಾಗ ಗಂಡ. "ದಾದಾ, ಇವರನ್ನ ನಿನ್ನ ಕೂಡ ಬಿಟ್ಟು ಹೋಗ್ತೀನಿ. ಒಬ್ಬರಿಗೊಬ್ಬರು ಜತಿ," ಅಂದ್ಲು. ಕೇತನ ವರ್ಕಶಾಪಿನ್ಯಾಗ ಕಬ್ಬಿಣ ಕರಗಸೂ ಗಂಡಸು. ನಮ್ಮ ಅಡಗಿಮನಿಯಾಗ ಅವಗ ಅನ್ನ ಮೆತ್ತಗ ಮಾಡೂದು ಆಗಲಿಲ್ಲ. ಇಬ್ಬರೂ ಅವಲಕ್ಕಿ ತಿಂದು ಬದುಕಿದ್ವಿ.

ಅಲ್ಲಿಂದ ವಿಡಿಯೋ ಕಾಲ್ ಬಂದಾಗೆಲ್ಲಾ ನಾ ಮಾರ್ಗದರ್ಶಿ ಆಗಾಕ ನೋಡ್ತಿದ್ನಿ. "ಎಡಗಡೆ ಬಾಗಲಾ ನೋಡ್ರಿ, ಆ ಮೊಳಿ..." ಅನ್ನೂದ್ರಾಗ ನೂತನ, "ರೇಂಜ್ ಇಲ್ರಿ," ಅಂತಿದ್ಲು. ರೇಂಜ್ ಇಲ್ಲಾಂತ ಹೇಳಿದ್ದು ಮಾತ್ರ ಸ್ವಚ್ಛ ಕೇಳಿಸ್ತಿತ್ತು.

ಒಂದ ಸಂಜಿ ಮಾತ್ರ ಆಕಿ ತಾನಾಗೆ ಫೋನ್ ಹಚ್ಚಿದ್ಲು. ಹಿಂದ ಬರೇ ಉಸುಕು, ದಿಬ್ಬದ ಮ್ಯಾಲ ದಿಬ್ಬ. ನೂತನ ಅದರ ಮ್ಯಾಲ ಗಾದಿ ಮ್ಯಾಲ ಕುಂತಂಗ ಕಾಲು ಚಾಚಿ ಕುಂತಿದ್ಲು.

"ನೋಡ್ರಿ!" ಅಂದು ಮುಷ್ಟಿ ತುಂಬ ಉಸುಕು ಎತ್ತಿ ಬೆರಳ ಸಂದಿಯಿಂದ ಸೋರಿಸಿದ್ಲು. "ಎಲ್ಲಿ ನೋಡಿದ್ರೂ ಹನಿ ನೀರಿಲ್ರಿ! ಇಲ್ಲಿ ಯಾರೂ ಏನೂ ಮಾಳಿಗಿಗೆ ಏರಸೂದಿಲ್ರಿ!" ಅಂತ ಸಣ್ಣ ಹುಡುಗಿಗತೆ ನಕ್ಕಳು. ಕಾಲಿನ ನೋವು ಸೈತ ಒಂದು ಗಳಿಗಿ ಮರತಹೋತು.

ಅಷ್ಟ್ರಾಗ ಅವ್ವ ಒಂಟಿ ಹತ್ತಾಕತ್ತಿದ್ಲು. ನಾ ಇಚಲಕರಂಜಿಯಿಂದನ, "ಅವ್ವಾ, ಹಿಂದ ಬಾಗು! ಹಿಂದ ಬಾಗು!" ಅಂತ ಚೀರಿದ್ನಿ. ಅವ್ವ ಪಲ್ಲಕ್ಕಿಯೊಳಗ ಕುಂತ ರಾಣಿಗತೆ ಮ್ಯಾಲ ಎದ್ಲು. ಒಂದು ಕೈಯಾಗ ಹಗ್ಗ, ಇನ್ನೊಂದರಾಗ ಚಪಾತಿ. ಹೊತ್ತು ಇನ್ನೂ ಮುಳಗಿರಲಿಲ್ಲ.

ಮೂವರೂ ಕರ್ರಗಾಗಿ, ನಕ್ಕೋತ, ಚೀಲ ತುಂಬ ಉಸುಕು ಹೊತ್ಕೊಂಡು ಬಂದ್ರು. ಮನಿತುಂಬ ಕಿಲ್ಲೆದ ಮಾತು. ಇಷ್ಟು ದಿನ ಕೇಳೂ ಮಂದಿ ಇಲ್ಲದ ಭಾಷಣ ಮಾಡಿದಾವ ನಾ, ಈಗ ಮೂರು ಭಾಷಣ ಒಮ್ಮೆಲೆ ಕೇಳಬೇಕಾತು. ಕಡೀಕ ನೂತನ ನನ್ನ ಮಗ್ಗಲಾಗ ಬಂದು ಕುಂತು, ಅಕ್ಕರತಿಯಿಂದ ಅಂದ್ಲು: "ರೀ, ಮುಂದಿನ ಸಲ ಕಚ್ಛಿನ ರಣ. ನೀವ ಪ್ಲ್ಯಾನ್ ಮಾಡ್ರಿ. ನಿಮ್ಮಂಥಾ ಪ್ಲ್ಯಾನ್ ಯಾರಿಗೂ ಬರೂದಿಲ್ಲ."

ನಾ ಉಬ್ಬಿಹೋದ್ನಿ. ಫೋನ್ ಕೈಗೆ ತಗೊಂಡು, "ಎಷ್ಟು ಸೀಟು?" ಅಂದ್ನಿ.

"ಮೂರು," ಅಂದ್ಲು ಪ್ರಿಯದರ್ಶನಿ.

ಫೋನ್ ಕೆಳಗಿಟ್ಟೆನಿ. ಅವ್ವ ನನ್ನ ಮಾರಿ ನೋಡಿದ್ಲು. "ಹಂಗ್ಯಾಕ ಮಾಡ್ತೀರಿ? ಮೂರಲ್ಲ, ನಾಕು ತಗಸಪ," ಅಂದ್ಲು.

ಹಡದಾಕಿ ಹಡದಾಕಿನ ನೋಡ್ರಿ! ನಾ ಫೋನ್ ಮತ್ತ ಕೈಗೆ ತಗೊಂಡ್ನಿ.

"ಬಾಜೂಮನಿ ಮಂಗಲನೂ ಬರ್ತಾಳಂತ," ಅಂತ ಅವ್ವ ಮಾತು ಮುಗಿಸಿದ್ಲು.

ನಾ ಮಾರಿ ತಿರುವಿ ಗ್ವಾಡಿ ಕಡೆ ಹೊಳ್ಳಿ ಮಲಕೊಂಡ್ನಿ. ಮಾತಾಡೂದಿಲ್ಲಂತ ನಿಶ್ಚಯ ಮಾಡಿದ್ನಿ. ಗಂಡಸಿಗೂ ಒಂದು ಸ್ವಾಭಿಮಾನ ಅಂತ ಇರತೈತ್ರಿ. ಹಿಂದ ನಾಕೂ ಕಡೆಯಿಂದ ನಗಿ, ಕಚ್ಛಿನ ಮಾತು, ಬೆಳದಿಂಗಳಾಗ ಉಪ್ಪಿನ ಬಯಲು ಹೆಂಗ ಹೊಳೀತೈತಂತ ಎಲ್ಲಾ ತಪ್ಪು ತಪ್ಪು ಹೇಳಾಕತ್ತಿದ್ರು. ಎಷ್ಟೊತ್ತಂತ ತಡಕೊಳ್ಳಿ?

"ಕೆಳಗಿನ ಬರ್ತ್ ಎಷ್ಟು ಬೇಕಂತರ ಹೇಳ್ರಿ," ಅಂದ್ನಿ.